ಕಪ್ಪು ಪುಡಿಯ ಕಳವು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸಂಶೋಧನಾಲಯದ ನಿರ್ದೇಶಕರು ವಿಜ್ಞಾನಿಯೊಬ್ಬರ ಜೊತೆ ಠಾಣೆಗೆ ಬಂದು ದೂರು ಕೊಟ್ಟರು. ಕಪಾಟಿನ ಬೀಗ ಒಡೆದು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕದ ಕಪ್ಪು ಪುಡಿಯ ಬಾಟಲಿ ಕದ್ದಿದ್ದಾರೆ, ನಾಳೆಯೇ ಅದರ ಪ್ರದರ್ಶನ, ಅನುಮಾನ ಅಟೆಂಡರ್ ಮೇಲೆ. ಎಫ್‌ಐಆರ್ ದಾಖಲಾಯಿತು. ಅಟೆಂಡರನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. ಪುಡಿ ಸಿಗದಿದ್ದರೆ ಅವನ ಕೆಲಸ ಹೋಯಿತೆಂದೇ ಲೆಕ್ಕ.

ಇನ್ಸ್‌ಪೆಕ್ಟರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಪಾಟಿನ ಕೀ ಇದ್ದದ್ದೇ ಅಟೆಂಡರ್ ಬಳಿ. ಕೀ ಇರುವವನು ಬೀಗ ಯಾಕೆ ಒಡೆದಾನು?

ಸಂಶೋಧನಾಲಯದಲ್ಲಿ ಪಂಚನಾಮೆ ನಡೆಯುವಾಗ, ‘ಪಾದರಸ’ ಎಂದೇ ಹೆಸರಾದ ಚುರುಕು ಕಾನ್‌ಸ್ಟೇಬಲ್ ಸಿಂಕಿನ ಕೆಳಗಿನ ಪೈಪು ಬಿಚ್ಚಿದ. ಕಪ್ಪು ಕೆಸರು ಸುರಿಯಿತು.

"ಸಾರ್, ಕದ್ದ ಮಾಲನ್ನ ಯಾರಾದ್ರೂ ಸಿಂಕಿಗೆ ಸುರೀತಾರಾ?"

ಇನ್ಸ್‌ಪೆಕ್ಟರ್ ಪುಡಿ ತಯಾರಿಸಿದ ವಿಜ್ಞಾನಿಯತ್ತ ತಿರುಗಿದರು. ಬೆಳಗಿನಿಂದ ಆಕೆ ಉಂಗುರ ತಿರುಗಿಸುತ್ತಲೇ ಇದ್ದರು.

"ಇದನ್ನ ಹೇಗೆ ಮಾಡ್ತೀರಿ, ಮೇಡಂ?"

"ಕಣ್ಣಿಗೆ ಕಾಣದಷ್ಟು ಸಣ್ಣ ತೂತಿರೋ ಬಿಳಿ ಸಿಲಿಕಾ ಪುಡಿ. ತಾಮ್ರದ ಲವಣದ ನೀರಲ್ಲಿ ನೆನೆಸಿ, ಒಣಗಿಸಿ, ಫರ್ನೇಸಲ್ಲಿ ಸುಡ್ತೀವಿ. ತೂತೊಳಗೆ ತಾಮ್ರದ ಆಕ್ಸೈಡ್ ತೆಳ್ಳಗೆ ಕೂರುತ್ತೆ. ಕಾವು ನಿಮಿಷಕ್ಕೆ ಒಂದೇ ಡಿಗ್ರಿ ಏರಬೇಕು."

"ಬೇಗ ಏರಿಸಿದ್ರೆ?"

"ಗಂಟು ಕಟ್ಟಿ ತೂತಿನ ಬಾಯಿ ಮುಚ್ಚುತ್ತೆ. ಬೂದಿಗೂ ಅದಕ್ಕೂ ವ್ಯತ್ಯಾಸ ಇರಲ್ಲ."

ಇನ್ಸ್‌ಪೆಕ್ಟರ್ ಫರ್ನೇಸಿನ ಸ್ವಿಚ್ ಹಾಕಿಸಿದರು. ಕಳೆದ ಸಲದ ಸೆಟ್ಟಿಂಗ್ ಪರದೆಯ ಮೇಲೆ ಮೂಡಿತು.

"ಇಲ್ಲಿ ನಿಮಿಷಕ್ಕೆ ಹತ್ತು ಅಂತಿದೆಯಲ್ಲ?"

ಆಕೆ ಸ್ಟೂಲು ಎಳೆದುಕೊಂಡು ಕೂತರು. "ನಿರ್ದೇಶಕರು ಪ್ರದರ್ಶನಾನ ಒಂದು ವಾರ ಮುಂಚೆಯೇ ಇಟ್ಬಿಟ್ರು. ನನ್ನ ಕೇಳಲೂ ಇಲ್ಲ. ನಿಧಾನವೇ ಪ್ರಧಾನ ಅಂತ ಹುಡುಗರಿಗೆ ಪಾಠ ಹೇಳೋಳು ನಾನು! ಪುಡಿ ಕೆಲಸ ಮಾಡ್ಲಿಲ್ಲ. ನಾಲ್ಕು ವರ್ಷದ ಕೆಲಸಾನೇ ಸುಳ್ಳು ಅಂತಾರೇನೋ ಅಂತ ಹೆದರಿ ಸಿಂಕಿಗೆ ಸುರಿದೆ. ಕಳವಿನ ಹಾಗೆ ಕಾಣ್ಲಿ ಅಂತ ಬೀಗ ಒಡೆದವಳೂ ನಾನೇ."

"ಆತುರಗಾರನಿಗೆ ಬುದ್ಧಿ ಮಟ್ಟ," ಎಂದು ಪಾದರಸ ಗೊಣಗಿದ. ಅವನ ಬಾಯಲ್ಲಿ ಈ ಗಾದೆಯೇ ಎಂದು ಇನ್ಸ್‌ಪೆಕ್ಟರಿಗೆ ನಗು ಬರಬೇಕಿತ್ತು, ಬರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಬಂಧನ. ಸಂಸ್ಥೆಯ ಸ್ವತ್ತು ನಾಶ, ಸುಳ್ಳು ಸಾಕ್ಷ್ಯ ಸೃಷ್ಟಿ. ಠಾಣೆಗೆ ಆಕೆ ಬಂದಾಗ ಅಟೆಂಡರ್ ರೂಢಿಯಂತೆ ಎದ್ದು ಜಾಗ ಬಿಟ್ಟ.

"ಕೂತ್ಕೊಳ್ಳಿ ಮೇಡಂ."

ಆಕೆ ಕೂರಲಿಲ್ಲ.

"ನಿರ್ದೇಶಕರು ನನ್ನ ಹೆಸರು ಹೇಳ್ದಾಗ ನೀವು ಅಲ್ಲೇ ಇದ್ರಾ?" ಎಂದು ಅವನು ಕೇಳಿದ.

"ಇದ್ದೆ."

ಬೆಳಗಿನಿಂದ ಗಟ್ಟಿಯಾಗಿದ್ದ ಅವನು ಆಗ ಅತ್ತ.