ಕಣ್ಣು ಬಿಟ್ಟ ನಿದ್ದೆ

ಡ್ರೈವರನ ಕಣ್ಣು ರಸ್ತೆಯ ಮೇಲೇ ಇತ್ತು.

ಆದರೆ ಆಸಾಮಿ ಗಾಢ ನಿದ್ದೆಯಲ್ಲಿದ್ದ!

ಇಳಿಜಾರು. ಬೆನ್ನ ಹಿಂದೆ ಲಾರಿ ತುಂಬ ಸಿಮೆಂಟ್. ಎದುರಿಗೆ ಜನರನ್ನು ಇಳಿಸುತ್ತ ನಿಂತ ಬಸ್ಸು...

"ಅಣ್ಣಾ!" ಎಂದು ಕಿರುಚಿದೆ. ರೆಪ್ಪೆ ಕೂಡ ಅಲುಗಲಿಲ್ಲ.

ಸ್ಟೀರಿಂಗ್ ಹಿಡಿದು ಎಳೆದೆ. ಮೊಣಕೈಯಿಂದ ಅವನ ಪಕ್ಕೆಗೆ ತಿವಿದೆ. ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ಲಾರಿ ಬಸ್ಸಿನ ಕನ್ನಡಿಯನ್ನು ಕಿತ್ತುಕೊಂಡು ಹೋಗಿ ಮಣ್ಣಿನ ಗುಡ್ಡೆಗೆ ಗುದ್ದಿ ನಿಂತಿತು.

ಡ್ಯಾಶ್‌ಬೋರ್ಡಿನ ಕ್ಯಾಮೆರಾದಲ್ಲಿ ಹಸಿರು ದೀಪ. ಚಾಲಕ ಎಚ್ಚರವಾಗಿದ್ದಾನಂತೆ!

ಕಂಪನಿಗಳು ಕರೆದಾಗ ಹೋಗಿ ಅವುಗಳ ಎಡವಟ್ಟಿನ ಕೊಳೆ ತೊಳೆಯುವುದು ನನ್ನ ಕಸುಬು. ತೊಳೆದೂ ತೊಳೆದೂ ಸಾಕಾಗಿದೆ. ಈ ಲಾರಿ ಕಂಪನಿಯವರು ರೆಪ್ಪೆ ಮುಚ್ಚಿದರೆ ಕೂಗಿಕೊಳ್ಳುವ ಕ್ಯಾಮೆರಾ ಹಾಕಿಸಿದ್ದರು. ಎಲ್ಲ ಡ್ರೈವರುಗಳೂ ಸಿಕ್ಕಿಬಿದ್ದರು, ಇವನೊಬ್ಬನನ್ನು ಬಿಟ್ಟು. "ಅವನ ಗುಟ್ಟೇನು ತಿಳ್ಕೊಂಡು ಬನ್ನಿ, ಮಿಕ್ಕವರಿಗೂ ಕಲಿಸೋಣ," ಎಂದು ಮ್ಯಾನೇಜರ್ ನನ್ನನ್ನು ಹತ್ತಿಸಿ ಕಳಿಸಿದ್ದ.

ಗುಟ್ಟು ತಿಳಿಯಿತು.

"ಕಣ್ ಬಿಟ್ಕೊಂಡೇ ಮಲಗ್ತೀಯಾ?"

"ಚಿಕ್ಕಂದಿನಿಂದ ಹಾಗೇ ಸಾರ್. ಮದುವೆಯಾದ ಹೊಸದರಲ್ಲಿ ಹೆಂಡ್ತಿ ಹೆದರಿ ತವರಿಗೆ ಓಡಿಹೋಗಿದ್ಲು."

"ಸುಸ್ತಾಗಿದೆ ಅಂತ ಹೇಳೋಕೇನು ರೋಗ?"

"ಹೇಳ್ದೆ ಸಾರ್. ಮ್ಯಾನೇಜರ್ ಫೋನಲ್ಲಿ ಹಸಿರು ದೀಪ ತೋರ್ಸಿ, 'ನೋಡು, ನೀನು ಫ್ರೆಶ್ ಆಗಿದ್ದೀಯ' ಅಂದ್ರು. ಬೇರೆಯವರ ಟ್ರಿಪ್ಪೂ ನನ್ ತಲೆಗೇ ಕಟ್ಟಿದ್ರು."

ನನಗೆ ಸಿಟ್ಟು ಬಂತು. ಅವನ ಮೇಲಲ್ಲ.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಮ್ಯಾನೇಜರ್.

"ಲಾರಿ ಯಾಕ್ರೀ ನಿಂತಿದೆ?"

"ಡ್ರೈವರ್ ನಿದ್ದೆ ಹೋಗಿದ್ದ. ಬಸ್ಸಿಗೆ ತಾಗಿದೆ."

"ಸಾಧ್ಯವೇ ಇಲ್ಲ. ನನ್ ಸ್ಕ್ರೀನಲ್ಲಿ ಹಸಿರಿದೆ. ಹೊರಡೋಕೆ ಹೇಳಿ."

"ಹಾಗಾದ್ರೆ ಬನ್ನಿ, ಅವನ ಪಕ್ಕ ನೀವೇ ಕೂತ್ಕೊಳ್ಳಿ."

ಆ ಕಡೆಯ ದನಿ ತಣ್ಣಗಾಯಿತು. "ಈಗಲೇ ಹೊರಡದಿದ್ರೆ ಅವನ ಕೆಲಸ ಹೋಯ್ತು. ನಿಮ್ಮದೂ."

ಡ್ರೈವರನಿಗೂ ಕೇಳಿಸಿತು. ಕೀಗೆ ಕೈ ಹಾಕಿದ. ಹೊಟ್ಟೆಪಾಡು... ಹಾಕದೆ ಏನು ಮಾಡಿಯಾನು? ನಾನು ಕೀ ಕಿತ್ತು ಜೇಬಿಗೆ ಹಾಕಿಕೊಂಡೆ.

"ಕೇಳಿ," ಎಂದೆ ಮ್ಯಾನೇಜರನಿಗೆ. "ಬಸ್ಸಿನ ಜನ ಇಳಿದು ಈ ಕಡೆನೇ ಬರ್ತಿದ್ದಾರೆ. ಇವನ ಕೆಲಸಕ್ಕೆ ಕೈ ಹಾಕಿದ್ರೆ ನಿಮ್ಮ ಹಸಿರು ದೀಪದ ಕತೆ ಅವರಿಗೆ ನಾನೇ ಹೇಳ್ತೀನಿ. ನಿಮ್ಮ ನಂಬರನ್ನೂ ಕೊಡ್ತೀನಿ."

ಅವನು ಹಲ್ಲು ಕಡಿದದ್ದು ಇಲ್ಲಿಗೇ ಕೇಳಿಸಿತು.

"ಅವನು ಮನೆಗೆ ಹೋಗಿ ಮಲಗಲಿ. ಕೆಲಸ ಇರುತ್ತೆ. ನೀವು ಮಾತ್ರ ನಾಳೆಯಿಂದ ಬರಬೇಡಿ."

"ಒಳ್ಳೇದಾಯ್ತು," ಎಂದೆ. "ನನಗೂ ನಿದ್ದೆ ಬಾಕಿ ಇದೆ."