ಎಪ್ಪತ್ತೆಂಟಕ್ಕೆ ಫಸ್ಟ್ ಕ್ಲಾಸ್

"ಖೊ... ಖೊ... ಖೊಳ್! ಅತ್ತೇ, ಇವತ್ತು ಒಲೆ ಮುಂದೆ ಕೂರಕ್ಕಾಗಲ್ಲಾ... ಖೊಳ್!"

ನಲ್ಲೂರಿನ ಆ ಮನೆಯ ಪಡಸಾಲೆಯಲ್ಲಿ ಕಂಬಕ್ಕೊರಗಿ ಆದಿನಾರಾಯಣ ಕೆಮ್ಮುತ್ತಿದ್ದ. ಬಾಯಿ ಅವನದು, ಕೆಮ್ಮು ಮಾತ್ರ ಅತ್ತಿಗೆ ಗಂಗಲಕ್ಷ್ಮಮ್ಮನದು! ಬೆಂಗಳೂರಿನ ಕಾಲೇಜಿನಲ್ಲಿ ಮೇಷ್ಟರುಗಳ ದನಿ ಕದ್ದು ಹೆಸರು ಮಾಡಿದ್ದ ಮೈದುನನಿಗೆ ಆ ಗೂರಲಿನ ಕೊನೆಯ ಸಿಳ್ಳೂ ಬಾಯಿಪಾಠ. ಅವನ ತಾಯಿ ಮುತ್ಯಾಲಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ನಕ್ಕಳು. ಅಣ್ಣ ಗೋಪಾಲಪ್ಪ ತಲೆ ತಗ್ಗಿಸಿಕೊಂಡೇ ನಕ್ಕ. ಆರಿದ ಒಲೆಯ ಪಕ್ಕ ಮುದುರಿ ಕೂತಿದ್ದ ಗಂಗಲಕ್ಷ್ಮಮ್ಮನಿಗೆ ಚುಚ್ಚಿದ್ದು ಗಂಡನ ಆ ನಗೆಯೇ...

ಮದುವೆಯಾಗಿ ಬಂದಂದಿನಿಂದ ಹದಿನಾಲ್ಕು ವರ್ಷ ರೇಷ್ಮೆಗೂಡು ಬೇಯಿಸುವ ಒಲೆಯ ಮುಂದೆ ಕೂತು ನೂಲು ಬಿಚ್ಚಿದವಳು ಆಕೆ. ಹಸಿ ಸೌದೆಯ ಹೊಗೆ, ಬೆಂದ ಹುಳುವಿನ ನಾತದ ಹಬೆ, ಎರಡೂ ಎದೆಯೊಳಗೇ ಸಂಸಾರ ಹೂಡಿದ್ದವು. ವರ್ಷಕ್ಕೆರಡು ಸಲ ಗೂರಲು ಕೆರಳುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತೊಂದರ ಈ ಚಳಿಗಾಲದಲ್ಲಿ ಕಫ ಹಸಿರಾಗಿ, ಜ್ವರವೂ ಬಂದಿತ್ತು. ಪೇಟೆಯ ಡಾಕ್ಟರು, "ಕ್ಷಯ ಅಲ್ಲಮ್ಮ, ಹೆದರಬೇಡ" ಎಂದು ರಕ್ತ ತೆಗೆದು, ಸಪೂರ ಗಾಜಿನ ಕೊಳವೆಯಲ್ಲಿ ನಿಲ್ಲಿಸಿ ತೋರಿಸಿದ್ದರು. "ಒಂದು ಗಂಟೇಲಿ ಈ ಕೆಂಪು ಎಷ್ಟು ಕೆಳಗಿಳಿಯುತ್ತೆ ಅಂತ ಅಳೀತೀವಿ. ಇಪ್ಪತ್ತರೊಳಗಿದ್ರೆ ಚಿಂತೆಯಿಲ್ಲ. ಐವತ್ತು ದಾಟಿದ್ರೆ ಎದೆ ಒಳಗೆ ಬೆಂಕಿ ಬಿದ್ದಿದೆ ಅಂತ ತಿಳ್ಕೋ. ಬಂದು ಮಲಗಲೇಬೇಕು."

ಮಲಗಲೇಬೇಕು! ಹೊಗೆಯಿಲ್ಲದ ಕೋಣೆ, ಹದಿನೈದು ದಿನ! ಆ ಮಾತು ಅವಳ ಕಿವಿಗೆ ಜೋಗುಳದಂತೆ ಕೇಳಿಸಿತ್ತು.

ಆ ಅಳತೆ ಬರೆದ ಆಸ್ಪತ್ರೆಯ ಚೀಟಿ ಈಗ ಮೈದುನನ ಕೈಯಲ್ಲಿತ್ತು.

"ಎಷ್ಟು ಬಂದಿದೆಯಪ್ಪಾ?" ಗಂಗಲಕ್ಷ್ಮಮ್ಮ ಕೇಳಿದಳು.

ಆದಿನಾರಾಯಣ ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ, ಡಾಕ್ಟರ ದನಿಯಲ್ಲೇ ಕೂಗಿದ: "ಎಪ್ಪತ್ತೆಂಟು! ಫಸ್ಟ್ ಕ್ಲಾಸಮ್ಮಾ, ಫಸ್ಟ್ ಕ್ಲಾಸ್!"

"ಅಂಗಾದ್ರೆ ಪಾಸಾದ್ಲು ಅನ್ನು!" ಮುತ್ಯಾಲಮ್ಮ ತೊಡೆ ತಟ್ಟಿದಳು. "ಎಲ್ಲಾ ಕಳ್ಳಾಟ ಅಂತ ನಾನು ಹೇಳ್ಲಿಲ್ವಾ? ಏಳೇ ಮ್ಯಾಕೆ! ಗೂಡು ಹಂಗೇ ಬಿದ್ದದೆ, ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದ್ರೆ ನೂಲು ನಿನ್ನಪ್ಪ ಕೊಡ್ತಾನಾ?"

ಅತ್ತಿಗೆಯ ತುಟಿ ನೀಲಿಗಟ್ಟಿದ್ದು ಆದಿನಾರಾಯಣನಿಗೆ ಆಗ ಕಾಣಿಸಿತು. "ಅಮ್ಮಾ, ತಮಾಷೆಗಂದೆ ಕಣಮ್ಮಾ. ಅದು ಮಾರ್ಕಲ್ಲ..."

"ಏನ್ಲಾ, ಫೇಲಾ? ಆಗ್ಲಿ ಬಿಡು, ಆಸ್ಪತ್ರೇಲಿ ಬಿದ್ಕೊಳ್ಲಿ. ನಾಳೆಯಿಂದ ಅಕ್ಕಯಮ್ಮನ ಸ್ಕೂಲು ಬಿಡ್ಸಿ ಒಲೆ ಮುಂದೆ ಕೂರಿಸ್ತೀನಿ. ಹನ್ನೊಂದು ತುಂಬ್ತು. ಎಳೇ ಬೆರಳು, ಎಳೆ ಬೇಗ ಸಿಗ್ತದೆ."

ಮೂಲೆಯಲ್ಲಿ ಪಾಠ ಬರೆಯುತ್ತಿದ್ದ ಅಕ್ಕಯಮ್ಮ ಬೆಚ್ಚಿ ಅಮ್ಮನತ್ತ ನೋಡಿದಳು. ಕುದಿನೀರಿಗೆ ಅದ್ದಿ ಅದ್ದಿ ಬಿಳಿಚಿ ಬಿರಿದ ತನ್ನ ಬೆರಳುಗಳನ್ನು ಗಂಗಲಕ್ಷ್ಮಮ್ಮ ನೋಡಿಕೊಂಡಳು. ಮಗಳ ಬೆರಳಿಗಂಟಿದ್ದ ಶಾಯಿಯನ್ನೂ ನೋಡಿದಳು...

"ಅಮ್ಮಾ, ನಿಜ ಹೇಳ್ತೀನಿ. ನಾಳೇನೇ ಕರ್ಕೊಂಡು ಬಾ ಅಂತ ಡಾಕ್ಟ್ರು..." ಆದಿನಾರಾಯಣ ಅಂಗಲಾಚಿದ.

ಗಂಗಲಕ್ಷ್ಮಮ್ಮ ನಕ್ಕುಬಿಟ್ಟಳು! "ಏನ್ ನಗಿಸ್ತೀಯಪ್ಪಾ ನೀನು! ಥೇಟ್ ಡಾಕ್ಟ್ರೇ! ಅತ್ತೇ, ಅವನ ಮಾತು ಕೇಳ್ಬೇಡಿ, ಮತ್ತೆ ತಮಾಷೆ ಮಾಡ್ತವನೆ. ನಾನು ಪಾಸು! ಓದದೇನೇ ಫಸ್ಟ್ ಕ್ಲಾಸ್ ಬಂದ್ಬಿಟ್ಟೆ!"

"ಅತ್ತಿಗೇ..." ಆದಿನಾರಾಯಣ ಚೀಟಿಯನ್ನು ಮುಂದೆ ಹಿಡಿದ. ಆ ಹೊತ್ತು ಅವನ ಬಾಯಿಂದ ಬಂದದ್ದು ಅವನದೇ ದನಿ. ಯಾರೂ ನಂಬಲಿಲ್ಲ.

ಆಕೆ ಅವನ ಕೈಯಿಂದ ಚೀಟಿ ಕಿತ್ತುಕೊಂಡು ಒಲೆಗಿಟ್ಟು ಬೆಂಕಿ ಹೊತ್ತಿಸಿದಳು. ಮುತ್ಯಾಲಮ್ಮ ನಕ್ಕಳು, ಗೋಪಾಲಪ್ಪ ನಕ್ಕ. ಹೊಗೆ ಎದ್ದು ಮುಖಕ್ಕೆ ಬಡಿಯಿತು. ಸಿಳ್ಳುಗುಟ್ಟುವ ಎದೆಯನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಆಕೆ ಎಲ್ಲರಿಗಿಂತ ಜೋರಾಗಿ ನಗುತ್ತಲೇ ಇದ್ದಳು...