ಲಾರ್ಕಾ, ರಾಬಿನ್ನಾ?

ಏವಿಸ್ ಬಾಗಿಲ ಬಳಿ ಕತ್ತು ಬಗ್ಗಿಸಿ ನಿಂತೇ ಇದ್ದಳು. ಯಾರೂ ಬಂದು ಟೈ ಕಟ್ಟಲಿಲ್ಲ.

ತಲೆ ಎತ್ತಿ ನೋಡಿದರೆ ಮೇಜಿನ ಮೇಲೆ ಟೈ ಡಬ್ಬವೇ ಇಲ್ಲ.

"ಲೋರ್ನಾ ಆಂಟಿ, ಟೈ ಎಲ್ಲಿ?"

"ಇವತ್ತಿಂದ ಟೈ ಇಲ್ಲ ಕಣೇ. ಒಳಗೆ ಬಾ, ಹೇಳ್ತೀನಿ," ಎಂದರು ಲೋರ್ನಾ. ಟೌನ್ ಹಾಲಿನ ಡಾನ್ಸಿನಲ್ಲಿ ಮೈಕ್ ಹಿಡಿದು ಹೆಜ್ಜೆ ಹೇಳುವವರು ಅವರೇ.

ತಿಂಗಳಿಗೊಂದು ಶನಿವಾರ ಸಂಜೆ ನಾಲ್ಕಕ್ಕೆ ಊರಿನವರು ಹಿಮದ ಬೂಟು ಬಿಚ್ಚಿಟ್ಟು ಇಲ್ಲಿ ಕುಣಿಯುತ್ತಿದ್ದರು. ಜೋಡಿಯಲ್ಲಿ ಎಡಗಡೆ ಗಂಡಸು, ಬಲಗಡೆ ಹೆಂಗಸು. ಗಂಡಸರು ಯಾವಾಗಲೂ ಕಡಿಮೆ. ಆದ್ದರಿಂದ ಉದ್ದವಾಗಿರುವ ಹುಡುಗಿಯರಿಗೆ ಟೈ ಕಟ್ಟಿ, "ನೀನು ಗಂಡು" ಎಂದು ಎಡಗಡೆ ನಿಲ್ಲಿಸುವುದು ರೂಢಿ. ಏವಿಸ್‌ಗೆ ಹತ್ತೇ ವರ್ಷ, ಆದರೆ ಆಗಲೇ ಅಮ್ಮನ ಭುಜ ದಾಟಿದ್ದಳು. ಎರಡು ವರ್ಷದಿಂದ ಅವಳಿಗೆ ಟೈ ತಪ್ಪಿದ್ದಲ್ಲ. ಒಂದು ದಿನ ಕ್ಲಾಸಿನ ವೆಂಡೆಲ್ ಅದನ್ನು ಕಿಟಕಿಯಿಂದ ನೋಡಿಬಿಟ್ಟ. ಅಂದಿನಿಂದ ಸ್ಕೂಲಿನಲ್ಲಿ ಅವಳು 'ಮಿಸ್ಟರ್ ಏವಿಸ್'. ಅವಳಿಗೆ ಅಳುವೇ ಬರುತ್ತಿತ್ತು.

ಲೋರ್ನಾ ಮೈಕ್ ತೆಗೆದುಕೊಂಡರು. "ಇನ್ಮೇಲೆ ಗಂಡಸರು, ಹೆಂಗಸರು ಅಂತ ಕರೆಯಲ್ಲ. ಎಡಗಡೆ ನಿಂತವರು ಲಾರ್ಕ್, ಬಲಗಡೆ ನಿಂತವರು ರಾಬಿನ್. ಎರಡೂ ಹಕ್ಕಿಗಳೇ. ಯಾರು ಬೇಕಾದ್ರೂ ಯಾವ ಹಕ್ಕಿ ಬೇಕಾದ್ರೂ ಆಗಿ."

ಏವಿಸ್ ಓಡಿಹೋಗಿ ಗೆಳತಿ ಜೂನಿಯ ಕೈ ಹಿಡಿದಳು. "ನಾನು ರಾಬಿನ್. ನೀನು ಲಾರ್ಕ್ ಆಗೇ, ಪ್ಲೀಸ್."

"ನಂಗೆ ಆ ಕಡೆ ಬರಲ್ವಲ್ಲೇ."

"ನಂಗೂ ಈ ಕಡೆ ಬರಲ್ಲ. ಬಾರೇ."

ಪಿಟೀಲು ಶುರುವಾಯಿತು. ಪಿಯಾನೋದಲ್ಲಿ ಏವಿಸ್‌ಳ ಅಮ್ಮ. ಮೊದಲ ನಾಲ್ಕು ಹೆಜ್ಜೆ ಸರಿಯಾಗಿಯೇ ಹೋಯಿತು.

"ರಾಬಿನ್‌ಗಳೆಲ್ಲ ಆಚೆ ದಾಟಿ," ಎಂದರು ಲೋರ್ನಾ.

ಏವಿಸ್ ಕಂಬದ ಹಾಗೆ ನಿಂತಳು. ಎರಡು ವರ್ಷದಿಂದ ಅವಳ ಕಡೆಗೇ ಎಲ್ಲರೂ ದಾಟಿ ಬರುತ್ತಿದ್ದರು. ನಿಲ್ಲಬೇಕಾಗಿದ್ದ ಜೂನಿ ಅಭ್ಯಾಸಬಲದಿಂದ ನುಗ್ಗಿದಳು. ಎದುರಿನಿಂದ ಬಂದವರಿಗೆ ಡಿಕ್ಕಿ. ಇಡೀ ಸಾಲು ಗೋಜಲಾಯಿತು.

"ಹೋಗಮ್ಮ ಏವಿಸ್, ನೀನೇ ಹೋಗ್ಬೇಕು," ಎಂದರು ಯಾರೋ. ಜೂನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಏವಿಸ್‌ಗೆ ನಗು ಬರಲಿಲ್ಲ. ಹಾಡು ಮುಗಿದ ಕೂಡಲೇ ಬೆಂಚಿನ ಮೇಲೆ ಹೋಗಿ ಕುಳಿತಳು. ಎಷ್ಟೋ ದಿನದಿಂದ ಆಸೆಪಟ್ಟದ್ದು ಇವತ್ತು ಸಿಕ್ಕಿತ್ತು, ಆದರೆ ಕಾಲು ಮಾತು ಕೇಳಿರಲಿಲ್ಲ.

ಊರಿನ ಆಂಬ್ರೋಸ್ ತಾತ ಬಂದು ಎದುರಿಗೆ ನಿಂತರು. ಅವರಿಗೆ ಎಪ್ಪತ್ತೆಂಟು ವರ್ಷ, ಒಂದು ಡಾನ್ಸೂ ತಪ್ಪಿಸಿದವರಲ್ಲ.

"ಮುಂದಿನ ಡಾನ್ಸಿಗೆ ನನ್ ಜೊತೆ ಬರ್ತೀಯಾ? ಲಾರ್ಕಾ, ರಾಬಿನ್ನಾ?"

"ನಂಗೆ ರಾಬಿನ್ ಬರಲ್ಲ ತಾತ. ನೋಡಿದ್ರಲ್ಲ."

"ನೋಡ್ದೆ. ಚೆನ್ನಾಗೇ ಕೆಡಿಸಿದ್ರಿ. ಹಂಗಾದ್ರೆ ಲಾರ್ಕ್ ಆಗು."

"ಲಾರ್ಕ್ ಆದ್ರೆ ವೆಂಡೆಲ್ ಹೇಳಿದ್ದೇ ನಿಜ ಆಗುತ್ತೆ. ನಾನು ಹುಡುಗನ ಥರ ಅಂತಾನೆ."

"ಅವನಿಗೆ ಕುಣಿಯೋಕೆ ಬರುತ್ತಾ?"

"ಇಲ್ಲ."

"ಮತ್ತೆ ಅವನ್ನ ಯಾಕೆ ಕೇಳ್ತೀಯಾ? ನೋಡು, ನಾನು ಅರವತ್ತು ವರ್ಷ ಎಡಗಡೆನೇ ನಿಂತೋನು. ಒಂದ್ಸಲ ರಾಬಿನ್ ಆಗೋ ಆಸೆ ನಂಗೂ ಇದೆ. ಆದ್ರೆ ನಿಂಗೂ ಅದೇ ಬೇಕು ಅಂದ್ರೆ ಬಿಟ್ಕೊಡ್ತೀನಿ. ನಿಂಗೆ ಯಾವುದು ಇಷ್ಟ, ಅದನ್ನ ಹೇಳು."

ಅಷ್ಟರಲ್ಲಿ ಮುಂದಿನ ಡಾನ್ಸಿಗೆ ಸಾಲುಗಳು ನಿಂತಾಗಿದ್ದವು. ಒಂದು ಜೋಡಿಯ ಜಾಗ ಮಾತ್ರ ಖಾಲಿ.

"ಏವಿಸ್, ಏನಾಯ್ತು?" ಮೈಕಿನಲ್ಲಿ ಲೋರ್ನಾ ಕೇಳಿದರು.

"ಯೋಚ್ನೆ ಮಾಡ್ತಿದೀನಿ, ಆಂಟಿ."

ಎಲ್ಲರೂ ಅವಳಿಗಾಗಿ ಕಾದರು. ಅಮ್ಮನ ಕೈ ಪಿಯಾನೋ ಮೇಲೆಯೇ ನಿಂತಿತ್ತು. ಏವಿಸ್ ಅವಸರ ಮಾಡಲಿಲ್ಲ. ಎಡಗಡೆ ನಿಂತು, ದಾಟಿ ಬಂದವರ ಕೈ ಹಿಡಿದು, ಒಂದು ಸುತ್ತು ತಿರುಗಿಸಿ, ಸರಿಯಾದ ಜಾಗಕ್ಕೆ ಬಿಡುವುದು. ಅದು ತನಗೆ ಮೊದಲಿನಿಂದಲೂ ಇಷ್ಟವೇ ಇತ್ತು. ವೆಂಡೆಲ್ ಮೇಲಿನ ಕೋಪದಲ್ಲಿ ಅದು ಗೊತ್ತೇ ಆಗಿರಲಿಲ್ಲ.

"ಲಾರ್ಕ್," ಎಂದಳು.

"ಸದ್ಯ. ನಾನು ತಪ್ಪಿದ್ರೆ ಬೈಬೇಡ," ಎಂದರು ತಾತ.

ಹಾಡು ಶುರುವಾಯಿತು. ರಾಬಿನ್‌ಗಳೆಲ್ಲ ದಾಟುವಾಗ ಈ ಸಲ ತಾತ ಕಂಬವಾದರು.

"ತಾತ, ನೀವೇ ಹೋಗ್ಬೇಕು." ಏವಿಸ್ ನಗುತ್ತ ಅವರ ಬೆನ್ನನ್ನು ಮೆಲ್ಲಗೆ ತಳ್ಳಿದಳು.

ತಾತ ತಡಬಡಿಸಿ ಆಚೆ ಹೋಗಿ, ಹೇಗೋ ತಿರುಗಿ ಬಂದರು. ಏವಿಸ್ ಕೈ ಚಾಚಿ ಕಾಯುತ್ತಿದ್ದಳು. ಎರಡು ವರ್ಷದಿಂದ ಅವಳನ್ನು ನಿಲ್ಲಿಸುತ್ತಿದ್ದ ಜಾಗವೇ ಅದು. ಇವತ್ತು ತಾನಾಗಿಯೇ ಬಂದು ನಿಂತಿದ್ದಳು.